ಗಿನಿ ಪಿಗ್ ತರುವ ಮುಂಚೆ ಅದರ ಮನೆ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಹುಟ್ಟುಹಬ್ಬಕ್ಕೆಂದು ಶನಿವಾರ ಸಂಜೆ ಅಂಗಡಿಗೆ ಹೋಗಿ, ಅಲ್ಲೇ ಸಿಕ್ಕ ಪುಟ್ಟ ಪಂಜರದ ಸಮೇತ ಗಿನಿ ಪಿಗ್ ತಂದು, ಭಾನುವಾರ ಬೆಳಿಗ್ಗೆ "ಇದಕ್ಕೆ ಏನು ಹಾಸಬೇಕು, ಎಲ್ಲಿಡಬೇಕು?" ಎಂದು ಕೇಳುವವರು ತುಂಬ ಜನ. ಅಷ್ಟರಲ್ಲಿ ಆ ಪ್ರಾಣಿ ಒಂದು ರಾತ್ರಿಯನ್ನು ಹೆದರಿಕೆಯಲ್ಲಿ ಕಳೆದಿರುತ್ತದೆ. ಇನ್ನೂ ತಂದಿಲ್ಲ, ತರಬೇಕೆಂದಿದ್ದೇವೆ ಅನ್ನುವವರಿಗಾಗಿ ಈ ಪುಟ. ಉತ್ತರಗಳನ್ನು ಓದಿದ ಮೇಲೆ "ನಮ್ಮ ಮನೆಯಲ್ಲಿ ಆಗುವುದಿಲ್ಲ" ಅನ್ನಿಸಿದರೆ ಅದೂ ಒಳ್ಳೆಯ ತೀರ್ಮಾನವೇ.

ಮನೆ ಮೊದಲು, ಪ್ರಾಣಿ ಆಮೇಲೆ ಎಂದು ಯಾಕಿಷ್ಟು ಒತ್ತಿ ಹೇಳುತ್ತೀರಿ?

ಗೂಡು ಸರಿಯಿದೆಯೇ ಎಂದು ಪರೀಕ್ಷಿಸಲು ಅದು ಖಾಲಿಯಿರಬೇಕು. ನೀವು ಆರಿಸಿದ ಮೂಲೆಗೆ ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಬಿಸಿಲು ನೇರ ಬೀಳುತ್ತದೆ ಎಂಬುದು ಬೆಳಿಗ್ಗೆ ನೋಡಿದರೆ ಗೊತ್ತಾಗುವುದಿಲ್ಲ. ಗೋಡೆಯ ಸಂದಿಯಿಂದ ಇರುವೆ ಸಾಲು ಬರುತ್ತದೆ, ನೀರಿನ ಬಾಟಲಿ ರಾತ್ರಿಯಿಡೀ ತೊಟ್ಟಿಕ್ಕಿ ಹಾಸಿಗೆ ನೆನೆಯುತ್ತದೆ, ಪಕ್ಕದಲ್ಲೇ ವಾಷಿಂಗ್ ಮಷಿನ್ ಗಡಗಡ ಅನ್ನುತ್ತದೆ. ಇವೆಲ್ಲ ಬಳಸಿದಾಗ ಮಾತ್ರ ಕಾಣುವ ತೊಂದರೆಗಳು. ಗೂಡನ್ನು ಪೂರ್ತಿ ಜೋಡಿಸಿ, ಹಾಸಿಗೆ ಹಾಸಿ, ಬಾಟಲಿಗೆ ನೀರು ತುಂಬಿ, ಒಂದು ವಾರ ಖಾಲಿಯಾಗಿಯೇ ಬಿಡಿ. ನೆಲದ ಮಟ್ಟದಲ್ಲಿ ಒಂದು ಥರ್ಮಾಮೀಟರ್ ಇಡಿ. ಉಷ್ಣತೆ, ತೇವ ಎರಡನ್ನೂ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಎಲ್ಲ ಕಡೆ ಸಿಗುತ್ತದೆ.

ಇನ್ನೊಂದು ಕಾರಣ ಪ್ರಾಣಿಯ ಸ್ವಭಾವ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ ದಂಶಕ ಇದು. ಹದ್ದು, ನರಿಗಳಿಗೆ ಬೇಟೆಯಾಗಿ ಬದುಕಿದ ಜಾತಿ. ನಮ್ಮ ಹಾಲ್‌ನಲ್ಲಿ ಹದ್ದಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ತಂದ ಮೂರನೇ ದಿನ ಪಂಜರ ಬದಲಿಸಿ, ಐದನೇ ದಿನ ಕೋಣೆ ಬದಲಿಸಿದರೆ ಪ್ರತಿ ಸಲವೂ ಅದು ಮೊದಲಿಂದ ಹೆದರಬೇಕು. ಹೆದರಿದ ಗಿನಿ ಪಿಗ್ ತಿನ್ನುವುದನ್ನು ಬಿಡುತ್ತದೆ. ತಿನ್ನದಿದ್ದರೆ ಕರುಳಿನ ಚಲನೆ ನಿಲ್ಲುತ್ತದೆ, ಅದು ಜೀವಕ್ಕೇ ಅಪಾಯ.

ಎಷ್ಟು ಜಾಗ ಬೇಕು?

ಎರಡು ಗಿನಿ ಪಿಗ್‌ಗಳಿಗೆ ನೆಲದ ಮೇಲೆ ಕನಿಷ್ಠ ಏಳೂವರೆ ಚದರ ಅಡಿ. ಇದು ಇದಕ್ಕಿಂತ ಇಳಿಯಬಾರದು ಎನ್ನುವ ಗೆರೆ ಮಾತ್ರ. ನೆಮ್ಮದಿಯಾಗಿ ಇರಲು ಹತ್ತು, ಹತ್ತೂವರೆ ಚದರ ಅಡಿ ಬೇಕು. ಎರಡೂಕಾಲು ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ ಎಂದಿಟ್ಟುಕೊಳ್ಳಿ. ಎರಡೂ ಗಂಡಾದರೆ ಇನ್ನೂ ಸ್ವಲ್ಪ ಹೆಚ್ಚೇ ಇರಲಿ, ಜಾಗ ಸಾಲದಿದ್ದರೆ ಗಂಡುಗಳು ಕಚ್ಚಾಡುತ್ತವೆ. ಮೂರಕ್ಕೆ ಹದಿಮೂರು ಚದರ ಅಡಿ.

ಅಂಗೈಯಲ್ಲಿ ಕೂರುವ ಮರಿಯನ್ನು ನೋಡಿ ಲೆಕ್ಕ ಹಾಕಬೇಡಿ. ಬೆಳೆದ ಗಿನಿ ಪಿಗ್ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ, ಐದರಿಂದ ಎಂಟು ವರ್ಷ ಬದುಕುತ್ತದೆ. ಖುಷಿಯಾದಾಗ ನಿಂತಲ್ಲೇ ಚಂಗನೆ ನೆಗೆದು, ಮೈ ತಿರುಗಿಸಿ, ಗೂಡಿನ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಆ ಓಟಕ್ಕೆ ಉದ್ದ ಬೇಕು. ಆದ್ದರಿಂದ ಅಷ್ಟೇ ಚದರಡಿಯ ಚೌಕ ಗೂಡಿಗಿಂತ ಉದ್ದನೆಯ ಗೂಡು ಮೇಲು.

ಮನೆಯಲ್ಲಿ ಇಷ್ಟು ಜಾಗ ಇದೆಯೇ ಎಂದು ನೋಡಲು ಸುಲಭದ ದಾರಿ: ಹಳೆಯ ಪೇಪರ್ ಹಾಳೆಗಳನ್ನು ಆ ಅಳತೆಗೆ ನೆಲದ ಮೇಲೆ ಅಂಟಿಸಿ, ಎರಡು ದಿನ ಅದರ ಸುತ್ತಲೇ ಓಡಾಡಿ. ಬಾಗಿಲು ತೆರೆಯಲು ಅಡ್ಡವಾಗುತ್ತಾ, ಕಸ ಗುಡಿಸಲು ಸಿಕ್ಕುತ್ತಾ, ಮನೆಯವರಿಗೆ ಕಿರಿಕಿರಿಯಾಗುತ್ತಾ ಎಲ್ಲ ಅಲ್ಲೇ ತಿಳಿಯುತ್ತದೆ. 30x40 ಸೈಟಿನ ಮನೆಯಿರಲಿ, ಎರಡು ಬೆಡ್‌ರೂಮಿನ ಫ್ಲ್ಯಾಟ್ ಇರಲಿ, ಸಿಂಗಲ್ ಕಾಟಿನ ಅರ್ಧಕ್ಕಿಂತ ತುಸು ಹೆಚ್ಚು ಜಾಗವನ್ನು ಹಲವು ವರ್ಷ ಬಿಟ್ಟುಕೊಡಲು ಎಲ್ಲರೂ ಒಪ್ಪಬೇಕು.

ಅಂಗಡಿಯವರು ಎರಡಡಿ ಪಂಜರ ಸಾಕು ಅಂತಾರಲ್ಲ?

ಸಾಲದು. ಅಂಗಡಿಗಳಲ್ಲಿ "ಮೊಲದ ಕೇಜ್", "ಹ್ಯಾಮ್‌ಸ್ಟರ್ ಕೇಜ್" ಎಂದು ಮಾರುವವು ಬಹುಪಾಲು ಮೂರು ಚದರ ಅಡಿಯನ್ನೂ ಮುಟ್ಟುವುದಿಲ್ಲ. ಅಂಥದ್ದನ್ನು ವೈದ್ಯರ ಬಳಿಗೆ ಒಯ್ಯಲು ಬಳಸಬಹುದು, ವಾಸಕ್ಕಲ್ಲ.

ಇದು ಬರೀ ಪ್ರಾಣಿಪ್ರಿಯರ ಮಾತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಪ್ರಾಣಿಗೆ ಸಾಕಷ್ಟು ಓಡಾಡಲು ಆಗದಷ್ಟು ಎತ್ತರ, ಉದ್ದ, ಅಗಲ ಕಡಿಮೆಯಿರುವ ಪಂಜರದಲ್ಲಿ ಅದನ್ನು ಕೂಡಿಹಾಕುವುದನ್ನು ಅಪರಾಧವೆಂದೇ ಹೇಳುತ್ತದೆ. ಸಾಕುಪ್ರಾಣಿ ಅಂಗಡಿಗಳಿಗೆ 2018ರಿಂದ ಬೇರೆಯೇ ನಿಯಮಗಳಿವೆ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿ ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಶಿವಾಜಿನಗರದಲ್ಲಾಗಲಿ ಬೇರೆಲ್ಲಾಗಲಿ, ಒಂದರ ಮೇಲೊಂದು ತುಂಬಿದ ಬುಟ್ಟಿಯಿಂದ ತೆಗೆದುಕೊಟ್ಟರೆ ಕೊಳ್ಳದೆ ಬನ್ನಿ. ಕೊಂಡರೆ ನಾಳೆ ಆ ಬುಟ್ಟಿಗೆ ಇನ್ನೊಂದು ಬರುತ್ತದೆ. ಸಾಕಲಾಗದೆ ಬಿಟ್ಟುಕೊಡುವ ಮನೆಗಳೂ ಊರಲ್ಲಿ ಇವೆ, ಮೊದಲು ಅಲ್ಲಿ ವಿಚಾರಿಸಿ.

ನೆಲದಲ್ಲಿ ಜಾಗ ಕಡಿಮೆ. ಎರಡು ಮಹಡಿ ಮಾಡಿದರೆ ಆಗುತ್ತಾ?

ಕೆಳಗಿನ ನೆಲವೊಂದೇ ಏಳೂವರೆ ಚದರ ಅಡಿಯ ಗೆರೆ ದಾಟಿದ್ದರೆ, ಮೇಲೆ ಒಂದು ಅಟ್ಟ ಹೆಚ್ಚುವರಿಯಾಗಿ ಇರಲಿ. ಕೆಳಗೆ ಮೂರು, ಮೇಲೆ ಮೂರು, ಒಟ್ಟು ಆರು ಎಂಬ ಲೆಕ್ಕ ನಡೆಯುವುದಿಲ್ಲ. ಗಿನಿ ಪಿಗ್ ಹತ್ತುವ ಪ್ರಾಣಿಯಲ್ಲ, ಕಾಲು ಗಿಡ್ಡ, ಬೆನ್ನು ನಾಜೂಕು. ಇಳಿಜಾರು ತೀರ ಕಡಿಮೆಯಿದ್ದು, ಎರಡು ಪಕ್ಕಕ್ಕೂ ಅಡ್ಡಗಟ್ಟೆ ಇದ್ದು, ಕಾಲು ಜಾರದಂತೆ ಬಟ್ಟೆ ಹೊದಿಸಿದ್ದರೆ ಮಾತ್ರ ಹತ್ತುತ್ತದೆ. ಓಡುವ ಚಕ್ರ, ಪ್ಲಾಸ್ಟಿಕ್ ಚೆಂಡು ಎರಡನ್ನೂ ಮನೆಗೆ ತರಲೇಬೇಡಿ. ಅವುಗಳಿಂದ ಬೆನ್ನುಮೂಳೆಗೆ ಪೆಟ್ಟಾಗುತ್ತದೆ.

ಒಂದನ್ನೇ ಸಾಕಿದರೆ ಚಿಕ್ಕ ಗೂಡು ಸಾಕಾಗುತ್ತಲ್ಲ?

ಒಂಟಿ ಗಿನಿ ಪಿಗ್ ಸಾಕಬೇಡಿ. ಇವು ಗುಂಪಿನಲ್ಲಿ ಬದುಕುವ, ಇಡೀ ದಿನ ಒಂದಕ್ಕೊಂದು ಮಾತಾಡಿಕೊಳ್ಳುವ ಜೀವಿಗಳು. ನೀವು ಬೆಳಿಗ್ಗೆ ಔಟರ್ ರಿಂಗ್ ರೋಡ್ ಹಿಡಿದು ಕೆಲಸಕ್ಕೆ ಹೋಗಿ, ರಾತ್ರಿ ಎಂಟಕ್ಕೆ ಬರುವವರಾದರೆ ಅದಕ್ಕೆ ಜೊತೆಗಾರರಾಗಲಾರಿರಿ. ಗೂಡನ್ನು ಮೊದಲಿನಿಂದಲೇ ಇಬ್ಬರಿಗೆಂದು ಯೋಜಿಸಿ.

ಎರಡು ಹೆಣ್ಣು, ಅಥವಾ ಒಟ್ಟಿಗೆ ಬೆಳೆದ ಎರಡು ಗಂಡು ಒಳ್ಳೆಯ ಜೋಡಿ. ಗಂಡು ಹೆಣ್ಣು ಗುರುತಿಸುವಾಗ ಅಂಗಡಿಗಳಲ್ಲಿ ತಪ್ಪಾಗುವುದು ಸಾಮಾನ್ಯ. ಹೆಣ್ಣುಮರಿ ಹುಟ್ಟಿದ ಒಂದೆರಡು ತಿಂಗಳಲ್ಲೇ ಗರ್ಭ ಕಟ್ಟಬಲ್ಲದು, ಗರ್ಭದ ಅವಧಿ ಸುಮಾರು ಒಂಬತ್ತೂವರೆ ವಾರ. ತಂದ ಕೂಡಲೇ ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಬೇಕಾದೀತು ಎಂದು ಗೂಡಿನ ನಡುವೆ ನಿಲ್ಲಿಸಬಹುದಾದ ಜಾಲರಿಯ ತಡಿಕೆಯೊಂದನ್ನು ಕತ್ತರಿಸಿ ಇಟ್ಟುಕೊಂಡಿರಿ. ಇಬ್ಬರಿಗೆ ಜಗಳ ಬಂದರೂ, ಒಬ್ಬರಿಗೆ ಕಾಯಿಲೆಯಾದರೂ ಅದೇ ತಡಿಕೆ ಕೆಲಸಕ್ಕೆ ಬರುತ್ತದೆ.

ಮನೆಯಲ್ಲಿ ಎಲ್ಲಿಡಬೇಕು? ಬಾಲ್ಕನಿ ಖಾಲಿ ಇದೆ.

ಬಾಲ್ಕನಿ ಬೇಡ. ಟೆರೇಸ್ ಬೇಡವೇ ಬೇಡ. ಬಿಸಿಲು ಮತ್ತು ಎರಚಲು ಮಳೆ ಒಂದು ಕಡೆಯಾದರೆ, ಬೆಕ್ಕು, ಹೆಗ್ಗಣ, ಕಾಗೆ, ಹದ್ದು ಇನ್ನೊಂದು ಕಡೆ. ನಮ್ಮ ಊರಿನ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ. ಜಾಲರಿ ಹೊಡೆಸಿದ್ದೇವೆ ಅನ್ನುತ್ತೀರಿ, ಆದರೆ ಪಾರಿವಾಳದ ಬಲೆಯನ್ನು ಹೆಗ್ಗಣ ಒಂದೇ ರಾತ್ರಿಯಲ್ಲಿ ಕಡಿಯುತ್ತದೆ. ಅದರೊಳಗೆ ಬಾರದಿದ್ದರೂ, ಸುತ್ತ ಬೆಕ್ಕು ಸುಳಿದಾಡಿದರೆ ಸಾಕು, ಗಿನಿ ಪಿಗ್ ಇಡೀ ರಾತ್ರಿ ಕಲ್ಲಿನಂತೆ ಕೂತಿರುತ್ತದೆ.

ಯುಟಿಲಿಟಿಯೂ ಅಷ್ಟೇ: ತೇವ, ವಾಷಿಂಗ್ ಮಷಿನ್ನಿನ ನಡುಕ, ಡಿಟರ್ಜೆಂಟ್ ವಾಸನೆ. ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟು, ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು. ಇವುಗಳ ಕಿವಿ ನಮ್ಮದಕ್ಕಿಂತ ಚುರುಕು, ಶ್ವಾಸಕೋಶ ನಮ್ಮದಕ್ಕಿಂತ ಸೂಕ್ಷ್ಮ.

ಹಾಲ್‌ನ ಒಂದು ಮೂಲೆ, ಎರಡು ಕಡೆ ಗೋಡೆ ಇರುವಂಥದ್ದು, ಟಿವಿಯಿಂದ ದೂರ, ಕಿಟಕಿಯ ನೇರ ಬಿಸಿಲು ಬೀಳದ ಜಾಗ ಎಲ್ಲಕ್ಕಿಂತ ಒಳ್ಳೆಯದು. ಮನೆಯವರು ಓಡಾಡುವುದು ಕಾಣುತ್ತಿದ್ದರೆ ಅವು ಬೇಗ ಹೊಂದಿಕೊಳ್ಳುತ್ತವೆ. ಫ್ರಿಜ್ ಬಾಗಿಲು ತೆರೆದ ಸದ್ದಿಗೇ ಕೊತ್ತಂಬರಿ ಸೊಪ್ಪು ಬಂತೆಂದು ಕೂಗಲು ಶುರುಮಾಡುತ್ತವೆ. ಆ ಕೂಗು ಸಣ್ಣದಲ್ಲ, ಮಲಗುವ ಕೋಣೆಯಲ್ಲಿಟ್ಟರೆ ಬೆಳಗಿನ ಜಾವ ನಿಮಗೆ ನಿದ್ದೆಯಿಲ್ಲ.

ಹೊಗೆಯ ಮಾತು ಬೇರೆಯಾಗಿ ಹೇಳಬೇಕು. ಊದುಬತ್ತಿ, ಶುಕ್ರವಾರದ ಸಾಂಬ್ರಾಣಿ, ಸೊಳ್ಳೆ ಬತ್ತಿ, ರೂಮ್ ಫ್ರೆಶ್‌ನರ್ ಇವು ಗೂಡಿರುವ ಕೋಣೆಗೆ ಬರಕೂಡದು. ದೇವರಮನೆ ಹಾಲ್‌ನಲ್ಲೇ ಇದ್ದರೆ ಗೂಡಿಗೆ ಬೇರೆ ಕೋಣೆ ನೋಡಿ. ಅಜ್ಜಿಗೆ ಸಾಂಬ್ರಾಣಿ ಹಾಕಬೇಡಿ ಎನ್ನುವುದಕ್ಕಿಂತ ಗೂಡಿನ ಜಾಗ ಬದಲಿಸುವುದು ಎಲ್ಲರಿಗೂ ಕ್ಷೇಮ. ಸೊಳ್ಳೆಗೆ ಕಿಟಕಿಗೆ ಜಾಲರಿ, ಗೂಡಿನ ಮೇಲೊಂದು ಸೊಳ್ಳೆಪರದೆ ಸಾಕು.

ಬೆಂಗಳೂರು ತಂಪಿನ ಊರು. ಸೆಕೆಯ ಬಗ್ಗೆ ಇಷ್ಟು ಯೋಚಿಸಬೇಕಾ?

ಬೇಕು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಊರು, ನಿಜ. ಆದರೆ ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ 34, 35 ಡಿಗ್ರಿ ಈಗ ಹೊಸದೇನಲ್ಲ. 2016ರ ಏಪ್ರಿಲ್‌ನಲ್ಲಿ 39 ಡಿಗ್ರಿ ದಾಟಿತ್ತು, 2024ರ ಏಪ್ರಿಲ್‌ನಲ್ಲಿ 38 ದಾಟಿತು. ಗಿನಿ ಪಿಗ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ. 27, 28 ದಾಟಿದರೆ ಕಷ್ಟ ಶುರು. ಅವಕ್ಕೆ ಬೆವರುವುದಿಲ್ಲ, ನಾಯಿಯ ಹಾಗೆ ತೇಕಿ ತಂಪಾಗಲೂ ಬರುವುದಿಲ್ಲ. ಮೈತುಂಬ ಕೂದಲು ಹೊತ್ತು ಬಿಸಿ ಕೋಣೆಯಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಹೊರಗಿನ ಉಷ್ಣತೆಗಿಂತ ನಿಮ್ಮ ಕೋಣೆಯ ಉಷ್ಣತೆ ಮುಖ್ಯ. ಕೊನೆಯ ಮಹಡಿಯ ಫ್ಲ್ಯಾಟ್ ಸಂಜೆ ಏಳಕ್ಕೂ ಕಾದಿರುತ್ತದೆ. ಶೀಟ್ ಮನೆಯಲ್ಲಿ ಬೇಸಿಗೆ ಮಧ್ಯಾಹ್ನ ಇವುಗಳನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಖಾಲಿ ಗೂಡಿನಲ್ಲಿ ಥರ್ಮಾಮೀಟರ್ ಇಡಿ ಎಂದದ್ದು ಇದಕ್ಕೇ. ಡಿಸೆಂಬರ್‌ನಲ್ಲಿ ಗೂಡು ಕಟ್ಟಿ, ಸರಿಯಿದೆ ಎಂದುಕೊಂಡವರು ಏಪ್ರಿಲ್‌ನಲ್ಲಿ ಅದೇ ಮೂಲೆ ಹೇಗಿರುತ್ತದೆ ಎಂದು ಮನೆಯ ಹಿರಿಯರನ್ನೋ, ಆ ಕಟ್ಟಡದ ಹಳಬರನ್ನೋ ಕೇಳಿ.

ಬೇಸಿಗೆಗೆ ಮುಂಚೆಯೇ ಕೂಡಿಸಿಟ್ಟುಕೊಳ್ಳಬೇಕಾದವು ಸುಲಭವಾಗಿ ಸಿಗುತ್ತವೆ. ಕಡಪ ಕಲ್ಲಿನ ಅಥವಾ ಗ್ರಾನೈಟಿನ ತುಂಡನ್ನು ಕಲ್ಲಿನ ಅಂಗಡಿಯವರು ಉಳಿಕೆಯಲ್ಲಿ ಕೊಡುತ್ತಾರೆ, ಅಂಚು ಉಜ್ಜಿಸಿ ಗೂಡಿನ ನೆಲದ ಮೇಲಿಟ್ಟರೆ ಅವು ಅದರ ಮೇಲೆ ಹೊಟ್ಟೆಯಾನಿಸಿ ಮಲಗುತ್ತವೆ. ಬಾಯಿ ಅಗಲದ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ, ಉರುಳದಂತೆ ಎರಡು ಬದಿಗೆ ಇಟ್ಟಿಗೆ ಕೊಟ್ಟರೆ ತಂಪು ಗವಿ ಸಿದ್ಧ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿಟ್ಟು, ಹಳೆಯ ಟವೆಲ್ ಸುತ್ತಿ ಗೂಡಿನಲ್ಲಿಡಿ. ಫ್ಯಾನ್ ಗಾಳಿ ಕೋಣೆಯಲ್ಲಿ ಆಡಲಿ, ನೇರ ಅವುಗಳ ಮೈಮೇಲೆ ಬೇಡ. ಬಟ್ಟೆಯಲ್ಲಿ ಹೊಲಿದ ಬೆಚ್ಚನೆಯ ಗುಡಾರಗಳನ್ನು ಬೇಸಿಗೆಯಲ್ಲಿ ತೆಗೆದುಬಿಡಿ.

ಕಾಲು ಚಾಚಿ ಸುಸ್ತಾಗಿ ಬಿದ್ದಿದ್ದು, ಉಸಿರು ಜೋರಾಗಿ, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಬಿಸಿ ತಗುಲಿದೆ ಎಂದರ್ಥ. ತಂಪು ಕೋಣೆಗೆ ಒಯ್ದು, ಸಾದಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತಾ ವೈದ್ಯರಲ್ಲಿಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಚಳಿಗಾಲ ಇಲ್ಲಿ ಅಷ್ಟು ಕಾಡುವುದಿಲ್ಲ. ಕಿಟಕಿಯ ತಣ್ಣನೆ ಗಾಳಿ ನೇರ ಬಡಿಯದಿದ್ದರೆ, ನುಸುಳಿಕೊಳ್ಳಲು ಹುಲ್ಲಿದ್ದರೆ ಸಾಕು.

ಗೂಡನ್ನು ನಾವೇ ಕಟ್ಟಿಕೊಳ್ಳಬಹುದಾ?

ಕಟ್ಟಿಕೊಳ್ಳುವುದೇ ಉತ್ತಮ, ಅಗ್ಗವೂ ಹೌದು. ಜಗತ್ತಿನಾದ್ಯಂತ ಗಿನಿ ಪಿಗ್ ಸಾಕುವವರು ಹೆಚ್ಚಾಗಿ ಬಳಸುವುದು ಜಾಲರಿ ಫಲಕಗಳ ಗೂಡು: 14 ಇಂಚಿನ ಚೌಕ ತಂತಿ ಫಲಕಗಳನ್ನು ಬೇಲಿಯಂತೆ ನಿಲ್ಲಿಸಿ, ಒಳಗೆ ಅಂಚು ಮಡಚಿದ ಪ್ಲಾಸ್ಟಿಕ್ ತಟ್ಟೆ ಕೂರಿಸುವುದು. ಅಗಲಕ್ಕೆ ಎರಡು, ಉದ್ದಕ್ಕೆ ನಾಲ್ಕು ಫಲಕ ನಿಲ್ಲಿಸಿದರೆ ಮೇಲೆ ಹೇಳಿದ ಹತ್ತು ಚದರ ಅಡಿ ಬರುತ್ತದೆ. ಮನೆಯಲ್ಲೇ ಜೋಡಿಸುವ ತಂತಿ ಶೆಲ್ಫುಗಳ ಫಲಕಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಲ್ಲವೇ ಎಸ್‌ಪಿ ರೋಡ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವೆಲ್ಡ್ ಮೆಶ್ ಅಳತೆಗೆ ಕತ್ತರಿಸಿಕೊಳ್ಳಿ. ಕಣ್ಣು ಒಂದು ಇಂಚಿನದ್ದಿರಲಿ, ಒಂದೂವರೆ ಇಂಚಿಗಿಂತ ದೊಡ್ಡದಾದರೆ ಮರಿಯ ತಲೆ ಸಿಕ್ಕಿಕೊಳ್ಳುತ್ತದೆ. ಕತ್ತರಿಸಿದ ತಂತಿಯ ತುದಿಗಳನ್ನು ಅರದಿಂದ ಉಜ್ಜಿ, ಪೈಪ್ ಸೀಳಿ ಹೊದಿಸಿ. ಫಲಕಗಳನ್ನು ಕೇಬಲ್ ಟೈನಿಂದ ಬಿಗಿದು, ಟೈಗಳ ಬಾಲ ಕತ್ತರಿಸಿ.

ತಳದ ತಟ್ಟೆಗೆ ಫ್ಲೆಕ್ಸ್, ಬೋರ್ಡ್ ಮಾಡುವ ಅಂಗಡಿಗಳಲ್ಲಿ ಸಿಗುವ ಸನ್‌ಪ್ಯಾಕ್ ಶೀಟ್, ಅಂದರೆ ಒಳಗೆ ಪೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ, ಹೇಳಿ ಮಾಡಿಸಿದಂತಿದೆ. ಸುತ್ತ ಆರು ಇಂಚು ಮಡಚಿದರೆ ಹುಲ್ಲು, ಹಿಕ್ಕೆ ಹೊರಗೆ ಚೆಲ್ಲುವುದಿಲ್ಲ. ದಪ್ಪ ಥರ್ಮಾಕೋಲಿನಂಥ ಸನ್‌ಬೋರ್ಡ್ ಬೇಡ, ಕಡಿದು ನುಂಗುತ್ತವೆ. ಪ್ಲೈವುಡ್ ಮೂತ್ರ ಹೀರಿ ಕೊಳೆಯುತ್ತದೆ. ಗಾಜಿನ ಅಕ್ವೇರಿಯಂ ಬೇಡ, ಗಾಳಿಯಾಡದೆ ಅಮೋನಿಯಾ ಒಳಗೇ ನಿಲ್ಲುತ್ತದೆ.

ತಂತಿ ಜಾಲರಿಯ ನೆಲವಂತೂ ಬೇಡ. ಕೆಳಗಿನ ಟ್ರೇಗೆ ಹಿಕ್ಕೆ ಬಿದ್ದು ಸ್ವಚ್ಛ ಎಂದು ಹೇಳಿ ಮಾರುತ್ತಾರೆ. ಇವುಗಳ ಅಂಗಾಲಿನಲ್ಲಿ ಕೂದಲಿಲ್ಲ, ಬರೀ ಮೆತ್ತನೆ ಚರ್ಮ. ಜಾಲರಿಯ ಮೇಲೆ ನಿಂತು ನಿಂತು ಅದು ಹುಣ್ಣಾಗಿ, ಕೀವು ಮೂಳೆಗೆ ಇಳಿಯುತ್ತದೆ. ಒಮ್ಮೆ ಬಂದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಮನೆಯಲ್ಲಿ ನಾಯಿ, ಬೆಕ್ಕು, ಚಿಕ್ಕ ಮಕ್ಕಳಿಲ್ಲದಿದ್ದರೆ 14 ಇಂಚಿನ ಗೋಡೆ ಸಾಕು. ಆದರೂ ಕಿಟಕಿ ತೆರೆದಿಟ್ಟು ಮಲಗುವ ಊರು ನಮ್ಮದು, ಬೀದಿ ಬೆಕ್ಕು ಎಲ್ಲಿಂದ ಬಂದೀತು ಹೇಳಲಾಗದು. ಮೇಲೆ ಜಾಲರಿಯ ಮುಚ್ಚಳ ಇರಲಿ.

ನೆಲಕ್ಕೆ ಏನು ಹಾಸಬೇಕು?

ಎರಡು ದಾರಿ. ಒಂದು, ಕೆಳಗೆ ನೀರು ಹೀರುವ ಪದರ (ಹಳೆಯ ಟರ್ಕಿ ಟವೆಲ್ ಎರಡು ಮಡಿಕೆ), ಮೇಲೆ ಫ್ಲೀಸ್ ಬಟ್ಟೆ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ). ಫ್ಲೀಸ್ ತೇವವನ್ನು ಕೆಳಕ್ಕೆ ಬಿಟ್ಟು ಮೇಲೆ ಒಣಗಿರುತ್ತದೆ, ಪಾದಕ್ಕೆ ಮೆತ್ತಗೆ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳಬಹುದು, ತೆಳು ಫ್ಲೀಸ್ ಹೊದಿಕೆಯೂ ಆಗುತ್ತದೆ. ಹೊಸ ಫ್ಲೀಸ್ ನೀರನ್ನು ಮುತ್ತಿನಂತೆ ಮೇಲೆಯೇ ನಿಲ್ಲಿಸುತ್ತದೆ. ನಾಲ್ಕೈದು ಸಲ ಬಿಸಿನೀರಿನಲ್ಲಿ ಒಗೆದ ಮೇಲೆ ಒಂದು ಲೋಟ ನೀರು ಸುರಿದು ನೋಡಿ, ಕೆಳಗಿಳಿದರೆ ಸಿದ್ಧ. ಕಂಫರ್ಟ್ ಥರದ ಬಟ್ಟೆ ಮೃದುಕಾರಕ ಹಾಕಿದರೆ ಆ ಗುಣವೇ ಹೋಗುತ್ತದೆ. ಈ ಒಗೆತಕ್ಕೂ ಸಮಯ ಬೇಕು ನೋಡಿ, ಪ್ರಾಣಿ ತಂದ ಮೇಲೆ ಶುರುಮಾಡಿದರೆ ತಡ.

ಇನ್ನೊಂದು ದಾರಿ, ಸಡಿಲ ಹಾಸು: ಸಾಕುಪ್ರಾಣಿಗೆಂದೇ ಮಾರುವ, ಒಣಗಿಸಿ ಧೂಳು ತೆಗೆದ ಮರದ ಹೆರೆ ಅಥವಾ ಕಾಗದದ ಹಾಸು, ಎರಡು ಇಂಚು ದಪ್ಪ. ಮರದ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದರ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಯಾವ ಮರ, ಯಾವ ಅಂಟು, ಯಾವ ಔಷಧಿ ಬೆರೆತಿದೆ ತಿಳಿಯುವುದಿಲ್ಲ. ದೇವದಾರು ಜಾತಿಯ ಘಮಘಮ ಹೆರೆಯೂ ಬೇಡ. ಬೆಕ್ಕಿನ ಲಿಟ್ಟರ್ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ಬರೀ ಪೇಪರ್ ಹಾಸಿದರೆ ಒದ್ದೆ ಮೇಲೆಯೇ ನಿಲ್ಲುತ್ತದೆ, ಕಾಲು ಜಾರುತ್ತದೆ.

ಯಾವುದು ಆರಿಸಲಿ ಎಂದರೆ, ನಿಮ್ಮ ಮನೆಯ ನೀರನ್ನು ನೋಡಿ ಎನ್ನುತ್ತೇನೆ. ಫ್ಲೀಸ್‌ಗೆ ವಾರಕ್ಕೆ ಎರಡು ಸಲವಾದರೂ ಒಗೆತ ಬೇಕು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ಬಡಾವಣೆಗಳಲ್ಲಿ ಇದು ಆಗದ ಮಾತು, ಅಲ್ಲಿ ಸಡಿಲ ಹಾಸೇ ಸರಿ. ನೀರಿದ್ದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಟ್ಟೆ ಒಣಗುವುದು ನಿಧಾನ, ಮೂರು ಜೊತೆ ಇಟ್ಟುಕೊಳ್ಳಿ. ಕೂದಲು, ಹುಲ್ಲಿನ ಎಸಳನ್ನು ಕೊಡವಿ, ಜಾಲರಿ ಚೀಲದಲ್ಲಿ ಹಾಕಿಯೇ ಮಷಿನ್ನಿಗೆ ಹಾಕಿ, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಗೂಡಿನೊಳಗೆ ಏನೇನಿರಬೇಕು?

ತಲೆಗೊಂದರಂತೆ ಅಡಗುದಾಣ, ಪ್ರತಿಯೊಂದಕ್ಕೂ ಎರಡು ಬಾಗಿಲು. ಒಂದೇ ಬಾಗಿಲಿದ್ದರೆ ಜೋರಿನದು ಅಡ್ಡ ನಿಂತು ಇನ್ನೊಂದನ್ನು ಒಳಗೇ ಕೂಡಿಹಾಕುತ್ತದೆ. ಟೇಪು, ಪಿನ್ನು ತೆಗೆದ ರಟ್ಟಿನ ಪೆಟ್ಟಿಗೆ ಸಾಕು, ಕಡಿದು ಹಾಳಾದರೆ ಬದಲಿಸಿ. ಪೈಪಿನ ಸುರಂಗ ಇಡುವುದಾದರೆ ಆರು ಇಂಚಿನದು ಬೇಕು, ನಾಲ್ಕಿಂಚಿನ ಪಿವಿಸಿಯಲ್ಲಿ ಬೆಳೆದದ್ದು ಸಿಕ್ಕಿಕೊಳ್ಳುತ್ತದೆ.

ನೀರಿಗೆ ಎರಡು ಬಾಟಲಿ, ಬೇರೆ ಬೇರೆ ತುದಿಯಲ್ಲಿ. ಬೋರ್ ನೀರಿನ ಬಿಳಿ ಉಪ್ಪು ಕಟ್ಟಿ ಬಾಟಲಿಯ ಮೂತಿಯಲ್ಲಿ ನೀರು ತಡೆಯುವ ಲೋಹದ ಗುಂಡು ಅಂಟಿಕೊಳ್ಳುವುದುಂಟು, ಹಾಗಾಗಿ ನೀವು ಕುಡಿಯುವ ನೀರನ್ನೇ ತುಂಬಿ, ಪ್ರತಿದಿನ ಬೆರಳಿಂದ ಗುಂಡು ಒತ್ತಿ ನೋಡಿ. ಕಾಳಿನ (ಗಿನಿ ಪಿಗ್‌ಗೆಂದೇ ಮಾರುವ ಪೆಲೆಟ್ ಆಹಾರದ) ಬಟ್ಟಲು ಭಾರದ ಪಿಂಗಾಣಿಯದಿರಲಿ.

ಗೂಡಿನ ಮೂರನೇ ಒಂದು ಭಾಗವನ್ನು ಹುಲ್ಲಿಗೆ ಬಿಡಿ. ಇವು ತಿನ್ನುವಾಗಲೇ ಹಿಕ್ಕೆ ಹಾಕುತ್ತವೆ, ಅದನ್ನೇ ಅನುಕೂಲ ಮಾಡಿಕೊಳ್ಳಿ: ಅಗಲವಾದ ತಗ್ಗು ಟ್ರೇಯಲ್ಲಿ ಸಡಿಲ ಹಾಸು ಹಾಕಿ, ಅದರ ಮೇಲೆ ಹುಲ್ಲಿನ ರಾಶಿ. ಕೊಳೆಯೆಲ್ಲ ಅಲ್ಲೇ ಬೀಳುತ್ತದೆ, ಬೆಳಿಗ್ಗೆ ಟ್ರೇ ಒಂದನ್ನು ಬದಲಿಸಿದರೆ ಉಳಿದ ಗೂಡು ಹೆಚ್ಚುಕಡಿಮೆ ಸ್ವಚ್ಛ. ಹುಲ್ಲು ತುಂಬುವ ತಂತಿಯ ಚೆಂಡು ಮಾತ್ರ ತರಬೇಡಿ, ಅದರಲ್ಲಿ ಕತ್ತು ಸಿಕ್ಕಿ ಸತ್ತವು ಇವೆ.

ಹುಲ್ಲು ಯಾವುದು? ರಾಗಿ ಹುಲ್ಲು ಆಗುತ್ತಾ?

ಆಹಾರದ ಬಹುಪಾಲು ಒಣಹುಲ್ಲೇ ಆಗಿರಬೇಕು, ಹಗಲೂ ರಾತ್ರಿ ಎಟಕುವಂತಿರಬೇಕು. ಜೀವನವಿಡೀ ಬೆಳೆಯುವ ಹಲ್ಲು ಸವೆಯುವುದು ಹುಲ್ಲು ಅಗಿದಾಗಲೇ. ತಿಮೋತಿ ಹುಲ್ಲು ಹೊರದೇಶದಿಂದ ಬರುತ್ತದೆ, ದುಬಾರಿ. ಓಟ್ ಹುಲ್ಲು, ರೋಡ್ಸ್ ಹುಲ್ಲು ಕೂಡ ಒಳ್ಳೆಯವೇ. ರಾಗಿ ಹುಲ್ಲು, ಭತ್ತದ ಹುಲ್ಲು ತೆನೆ ಬಿಡಿಸಿದ ಮೇಲಿನ ಕಡ್ಡಿ, ಸಾರ ಕಡಿಮೆ. ಆಟಕ್ಕೆ, ಹಾಸಿಗೆಗೆ ಸರಿ, ಅದನ್ನೇ ನಂಬಬೇಡಿ. ಕುದುರೆ ಮೆಂತೆ (ಅಲ್ಫಾಲ್ಫಾ) ಸೊಪ್ಪಿನ ಒಣಮೇವಿನಲ್ಲಿ ಸುಣ್ಣದಂಶ ಹೆಚ್ಚು, ಅದು ಮರಿಗಳಿಗೆ, ಬಸುರಿಗೆ ಮಾತ್ರ. ತಾಜಾ ಗರಿಕೆ ಇವುಗಳಿಗೆ ಪ್ರಾಣ, ಆದರೆ ಪಾರ್ಕಿನಲ್ಲಿ ಕಿತ್ತದ್ದು ಬೇಡ, ಔಷಧಿ ಹೊಡೆದಿರುತ್ತಾರೆ, ನಾಯಿಗಳೂ ಓಡಾಡಿರುತ್ತವೆ. ಕುಂಡದಲ್ಲಿ ನೀವೇ ಬೆಳೆಸಿ.

ತರುವ ಮುಂಚೆಯೇ ಒಂದು ತಿಂಗಳ ಹುಲ್ಲು ಮನೆಯಲ್ಲಿರಲಿ. ಹತ್ತಿಯ ದಿಂಬಿನ ಕವರಿನಲ್ಲಿ ತುಂಬಿ, ನೆಲ ತಾಗದಂತೆ ಎತ್ತರದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಯೋಚಿಸದೆ ಎಸೆಯಿರಿ.

ನಮ್ಮಂತೆಯೇ ಇವುಗಳ ದೇಹವೂ ವಿಟಮಿನ್ ಸಿ ತಯಾರಿಸಲಾರದು. ದಿನಕ್ಕೆ ಒಂದು ತುಂಡು ಕ್ಯಾಪ್ಸಿಕಂ, ಒಂದಿಷ್ಟು ಕೊತ್ತಂಬರಿ, ಆಗಾಗ ಚೂರು ಸೀಬೆಕಾಯಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಕೊಡಬಾರದು.

ವಾಸನೆ ಬರುತ್ತಾ?

ಗೂಡು ಚಿಕ್ಕದಾದರೆ ಬರುತ್ತದೆ. ದೊಡ್ಡ ಗೂಡು, ದಿನಾ ಒದ್ದೆ ತೆಗೆಯುವುದು, ವಾರಕ್ಕೊಮ್ಮೆ ಪೂರ್ತಿ ಸ್ವಚ್ಛ ಮಾಡುವುದು ಇದ್ದರೆ ಹುಲ್ಲಿನ ವಾಸನೆ ಬಿಟ್ಟರೆ ಬೇರೇನಿಲ್ಲ. ತಟ್ಟೆಯ ಮೇಲೆ ಕಟ್ಟುವ ಬಿಳಿ ಕಲೆಗೆ ವಿನೆಗರ್ ಮತ್ತು ನೀರು ಸಮ ಬೆರೆಸಿ ಒರೆಸಿ. ಫಿನಾಯಿಲ್ ಬೇಡ. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಮೊದಲೇ ತಿಳಿಸಿ, ಗೂಡಿನ ಸುತ್ತ ಬರೀ ನೀರಿನಲ್ಲಿ ಒರೆಸಲು ಕೇಳಿಕೊಳ್ಳಿ. ಹಿಕ್ಕೆಯೂ ಹಳೆ ಹುಲ್ಲೂ ಕುಂಡದ ಗಿಡಗಳಿಗೆ ಚೆನ್ನಾದ ಗೊಬ್ಬರ.

ಇರುವೆ ಬಂದರೆ?

ಲಕ್ಷ್ಮಣ ರೇಖೆ, ಸ್ಪ್ರೇ ಯಾವುದೂ ಬೇಡ. ಗೂಡನ್ನು ತಗ್ಗು ಮೇಜಿನ ಮೇಲಿಟ್ಟು, ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ನಮ್ಮ ಅಜ್ಜಿಯರು ಹಾಲಿನ ಪಾತ್ರೆಗೆ ಮಾಡುತ್ತಿದ್ದುದೂ ಇದೇ. ತಿನ್ನದೆ ಬಿಟ್ಟ ತರಕಾರಿಯನ್ನು ರಾತ್ರಿಗೆ ಮುಂಚೆ ತೆಗೆಯಿರಿ. ಹೊರಗೆ ಬಿಟ್ಟು ಆಡಿಸುವ ಕೋಣೆಯಲ್ಲಿ ಮನಿ ಪ್ಲಾಂಟ್ ಬಳ್ಳಿ, ಮೊಬೈಲ್ ಚಾರ್ಜರಿನ ವೈರು ಎಟಕದಂತೆ ನೋಡಿಕೊಳ್ಳಿ. ಮೊದಲನೆಯದು ವಿಷ, ಎರಡನೆಯದನ್ನು ಕಚ್ಚದೆ ಬಿಡುವುದಿಲ್ಲ.

ಮೊಲ ಇದೆ. ಅದರ ಜೊತೆಗೇ ಬಿಡಬಹುದಾ?

ಬೇಡ. ಮೊಲಕ್ಕೆ ಏನೂ ಮಾಡದ ಬಾರ್ಡೆಟೆಲ್ಲಾ ಎಂಬ ರೋಗಾಣು ಗಿನಿ ಪಿಗ್‌ಗೆ ನ್ಯುಮೋನಿಯಾ ತರುತ್ತದೆ. ಮೊಲದ ಒಂದು ಒದೆತ ಪಕ್ಕೆಲುಬು ಮುರಿಯಲು ಸಾಕು.

ಬಾಡಿಗೆ ಮನೆ. ಓನರ್ ಒಪ್ಪಬೇಕಾ?

ಕೇಳಿಯೇ ತನ್ನಿ, ಮುಚ್ಚಿಡಬೇಡಿ. ನಾಯಿಯಂತೆ ಬೊಗಳುವುದಿಲ್ಲ, ಗೋಡೆ ಕೆರೆಯುವುದಿಲ್ಲ, ಗೂಡಿನಲ್ಲೇ ಇರುತ್ತದೆ ಎಂದು ಹೇಳಿ, ಖಾಲಿ ಗೂಡನ್ನೇ ತೋರಿಸಿದರೆ ಎಷ್ಟೋ ಜನ ಒಪ್ಪುತ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಊರಿದು, ಬಿಚ್ಚಿ ಮಡಚಿ ಒಯ್ಯುವ ಜಾಲರಿ ಗೂಡಿನ ಬೆಲೆ ಮನೆ ಬದಲಿಸುವ ದಿನ ಗೊತ್ತಾಗುತ್ತದೆ. ಪಿಜಿಯಲ್ಲಿರುವವರು ಸ್ವಂತ ಕೋಣೆ ಆಗುವವರೆಗೆ ಕಾಯಿರಿ. ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಈಗಲೇ ತೀರ್ಮಾನವಾಗಲಿ. ದೀಪಾವಳಿಗೆ ಮನೆಯವರು ಊರಿಗೆ, ಪಟಾಕಿ ಸದ್ದಿನ ನಡುವೆ ಇವು ಇಲ್ಲಿ, ಹಾಗಾಗಬಾರದು.

ವೈದ್ಯರನ್ನೂ ಮೊದಲೇ ಹುಡುಕಬೇಕಾ?

ಹೌದು. ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರೂ ಇವುಗಳನ್ನು ನೋಡುವುದಿಲ್ಲ. ಫೋನ್ ಮಾಡಿ "ಗಿನಿ ಪಿಗ್ ನೋಡುತ್ತೀರಾ, ಭಾನುವಾರ ಇರುತ್ತೀರಾ" ಎಂದು ಕೇಳಿ ಇಬ್ಬರ ನಂಬರ್ ಗೂಡಿನ ಪಕ್ಕ ಬರೆದಿಡಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಿ. ಪೆನ್ಸಿಲಿನ್ ಜಾತಿಯ ಕೆಲವು ಔಷಧಿಗಳನ್ನು ಬಾಯಿಗೆ ಹಾಕಿದರೆ ಇವು ಸಾಯಬಹುದು, ಹಾಗಾಗಿ ಮನೆಯಲ್ಲಿರುವ ಮಾತ್ರೆ ಪುಡಿಮಾಡಿ ಕೊಡುವ ಸಾಹಸ ಬೇಡ.

ಎಲ್ಲ ಸಿದ್ಧವಾಗಿದೆ. ತಂದ ದಿನ ಏನು ಮಾಡಬೇಕು?

ಮರುದಿನ ಯಾರಾದರೂ ಮನೆಯಲ್ಲಿರುವ ದಿನ ನೋಡಿ, ಬೆಳಿಗ್ಗೆ ಅಥವಾ ಸಂಜೆ ತಂಪು ಹೊತ್ತಿನಲ್ಲಿ ತನ್ನಿ. ಗಾಳಿಯಾಡುವ ಬುಟ್ಟಿಗೆ ಟವೆಲ್ ಹಾಸಿ, ಒಂದು ಹಿಡಿ ಹುಲ್ಲು ಹಾಕಿ, ಎರಡನ್ನೂ ಒಟ್ಟಿಗೇ ಕೂರಿಸಿ. ಅಲ್ಲಿ ತಿನ್ನುತ್ತಿದ್ದ ಕಾಳನ್ನೇ ಸ್ವಲ್ಪ ಕೇಳಿ ತನ್ನಿ, ಆಹಾರ ಏಕಾಏಕಿ ಬದಲಾದರೆ ಹೊಟ್ಟೆ ಕೆಡುತ್ತದೆ. ಗೂಡಿಗೆ ಬಿಟ್ಟು, ಮೇಲೆ ಅರ್ಧ ಭಾಗಕ್ಕೆ ತೆಳು ಬಟ್ಟೆ ಹೊದಿಸಿ, ದೂರ ಸರಿಯಿರಿ. ಎರಡು ಮೂರು ದಿನ ಎತ್ತಿಕೊಳ್ಳುವುದು, ನೆಂಟರಿಗೆ ತೋರಿಸುವುದು, ಫೋಟೊ ತೆಗೆಯುವುದು ಬೇಡ. ಮಕ್ಕಳು ಗೂಡಿನ ಪಕ್ಕ ಕೂತು ಮೆಲ್ಲಗೆ ಓದಿಕೊಳ್ಳಲಿ, ನಿಮ್ಮ ಧ್ವನಿ ಅವಕ್ಕೆ ರೂಢಿಯಾಗುತ್ತದೆ.

ಆ ದಿನಗಳಲ್ಲಿ ನೀವು ನೋಡಬೇಕಾದ್ದು ಇಷ್ಟೇ: ಹುಲ್ಲಿನ ರಾಶಿ ಕರಗುತ್ತಿದೆಯೇ, ಹಿಕ್ಕೆ ಬೀಳುತ್ತಿದೆಯೇ, ಬಾಟಲಿಯ ನೀರು ಇಳಿಯುತ್ತಿದೆಯೇ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಇವು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ, ತೂಕ ಮಾತ್ರ ಮೊದಲೇ ಹೇಳುತ್ತದೆ. ಅರ್ಧ ದಿನ ಏನೂ ತಿನ್ನದೆ ಕೂತರೆ ನಾಳೆ ನೋಡೋಣ ಅನ್ನಬೇಡಿ, ಬರೆದಿಟ್ಟ ನಂಬರಿಗೆ ಆಗಲೇ ಫೋನ್ ಮಾಡಿ.